ಕಪಿಲೆ ಏರುವ ಹೊತ್ತಿಗೆ ಯಂತ್ರ ನಿಂತರೆ?

ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ರಾತ್ರಿಯಿಂದ ಹಿಡಿದ ತುಂತುರು ಬಿಟ್ಟಿಲ್ಲ. ಕೊಡೆಯ ಹಿಡಿಯನ್ನು ಕತ್ತು ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ನೀರಿನಲ್ಲಿ ನೆಟ್ಟಿರುವ ಮಟ್ಟದ ಕಂಬವನ್ನು ದಿಟ್ಟಿಸುತ್ತಿದ್ದಾರೆ. ಕಂಬದ ಮೇಲಿನ ಅಂಕಿಯನ್ನು ನೋಡುತ್ತಾರೆ, ಕೈಯಲ್ಲಿರುವ ಮೊಬೈಲಿನ ಅಂಕಿಯನ್ನು ನೋಡುತ್ತಾರೆ. ಎರಡೂ ಒಂದೇ. ಆದರೂ ಒಂದು ಮೆಟ್ಟಿಲು ಕೆಳಗಿಳಿದು, ಸೀರೆಯ ಅಂಚು ನೆನೆಯುವುದನ್ನೂ ಲೆಕ್ಕಿಸದೆ ಮತ್ತೊಮ್ಮೆ ನೋಡುತ್ತಾರೆ.

ಸ್ನಾನಕ್ಕೆ ಬಂದ ಯಾತ್ರಿಕರೊಬ್ಬರು ಕೇಳುತ್ತಾರೆ: "ಏನಮ್ಮ, ಏನಾದ್ರೂ ಬಿದ್ದೋಯ್ತಾ ನೀರಿಗೆ?"

"ಇಲ್ಲ ಸಾ, ಸುಮ್ನೆ ನೋಡ್ತಾವ್ನಿ."

ಇವರು ಪವಿತ್ರ. ನಂಜನಗೂಡು ತಾಲ್ಲೂಕಿನ ದೇವನೂರಿನವರು. ಕಪಿಲೆ ಮತ್ತು ಕಾವೇರಿಯ ದಡದ ತಗ್ಗಿನ ಬೀದಿಗಳಿಗೆ ನೆರೆಯ ಮುನ್ಸೂಚನೆ ಕೊಡುವ ಒಂದು ಪುಟ್ಟ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಅವರ ಕೆಲಸ. ನಂಜನಗೂಡಿನಲ್ಲಿ ಕಪಿಲೆಯ ಮೇಲೊಂದು, ಸೋಸಲೆಯಲ್ಲಿ ಕಾವೇರಿಯ ಮೇಲೊಂದು ಮಾಪಕವಿದೆ. ಅವು ರೇಡಿಯೊ ಮೂಲಕ ನೀರಿನ ಮಟ್ಟವನ್ನು ತಿ. ನರಸೀಪುರದ ಒಂದು ಕೋಣೆಯಲ್ಲಿರುವ ಕಂಪ್ಯೂಟರಿಗೆ ತಿಳಿಸುತ್ತವೆ. ಮಟ್ಟ ಅಪಾಯದ ಗೆರೆ ದಾಟಿದರೆ ಕಂಪ್ಯೂಟರು ದಡದ ಸೈರನ್ ಕೂಗಿಸುತ್ತದೆ. ಊರಿನ ಕೆಲವರು ಕೂಡಿ ಕಟ್ಟಿಕೊಂಡ ಸಂಗಮ ಸೇವಾ ಬಳಗ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಸಂಬಳದ ಕೆಲಸಗಾರರು ಎಂದರೆ ಪವಿತ್ರ ಒಬ್ಬರೇ.

ಸೈರನ್ ಕೂಗಿದರೆ ಜನ ಸೈರನ್ನನ್ನು ಹೊಗಳುತ್ತಾರೆ. ಕೂಗದಿದ್ದರೆ ಪವಿತ್ರರನ್ನು ಹುಡುಕುತ್ತಾರೆ.

ಘಟ್ಟದಿಂದ ಬಸ್ ನಿಲ್ದಾಣಕ್ಕೆ ನಡೆದು ಅವರು ತಿ. ನರಸೀಪುರದ ಬಸ್ ಹತ್ತುತ್ತಾರೆ. ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಹೊರಗೆ ನೋಡುವುದಿಲ್ಲ. ಮೊಬೈಲಿನ ಪರದೆ ಕಪ್ಪಾದ ಕೂಡಲೇ ಮುಟ್ಟಿ ಎಬ್ಬಿಸುತ್ತಾರೆ. ಅದರಲ್ಲಿ ಒಂದು ಹಸಿರು ಚುಕ್ಕಿ ಇದೆ. ಚುಕ್ಕಿ ಹಸಿರಾಗಿದ್ದರೆ ಕೋಣೆಯ ಕಂಪ್ಯೂಟರು ಜೀವಂತ ಇದೆ ಎಂದರ್ಥ. "ಅದು ಬೂದಿ ಬಣ್ಣಕ್ಕೆ ತಿರುಗಿದ್ದ ಕನಸು ಬೀಳ್ತದೆ ಸಾ. ಎದ್ದು ಫೋನ್ ನೋಡ್ದೇಟ್ಗೆ ಅಸ್ರಾಗೇ ಇರ್ತದೆ. ಆದ್ರೂ ಆಮೇಲೆ ನಿದ್ದೆ ಬರಲ್ಲ" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಪವಿತ್ರರ ತಂದೆ ನಾಲೆ ರಿಪೇರಿಯ ಕೂಲಿಗೆ ಹೋಗುತ್ತಿದ್ದವರು. ತಾಯಿ ಈಗಲೂ ನಾಟಿ, ಕಳೆ ಎಂದು ಗದ್ದೆಗಿಳಿಯುತ್ತಾರೆ. ದೇವನೂರಿನ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಪಕ್ಕದಲ್ಲೇ ಪವಿತ್ರರ ಡಿಪ್ಲೊಮಾ ಸರ್ಟಿಫಿಕೇಟಿಗೂ ಕಟ್ಟು ಹಾಕಿಸಿದ್ದಾರೆ. ಕಂಪ್ಯೂಟರು ಓದಿದ ಮೇಲೆ ನಂಜನಗೂಡಿನ ಅಂಗಡಿಯೊಂದರಲ್ಲಿ ಪ್ರಿಂಟರು, ಯುಪಿಎಸ್ ರಿಪೇರಿ ಮಾಡುತ್ತಿದ್ದರು. ಗಿರಾಕಿಗಳು ಅಂಗಡಿಗೆ ಬಂದು ಅವರ ಮುಂದೆಯೇ ನಿಂತು "ಮೆಕ್ಯಾನಿಕ್ ಇಲ್ವಾ?" ಎನ್ನುತ್ತಿದ್ದರಂತೆ. ಬಳಗದ ಕೋಣೆಯ ಯುಪಿಎಸ್ ಕೆಟ್ಟಾಗ ಸರಿಮಾಡಲು ಹೋದವರನ್ನು ಅಲ್ಲಿಯೇ ಉಳಿಸಿಕೊಂಡವರು ಬಳಗದ ಅಧ್ಯಕ್ಷ ಜಯತೀರ್ಥ. ಸೋಸಲೆಯವರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಪವಿತ್ರರಿಗೆ ಅವರು 'ಮೇಷ್ಟ್ರು'.

ಬೇಸಿಗೆಯಲ್ಲಿ ಈ ಕೆಲಸ ಸಲೀಸು. ಮಾಪಕದ ಮೇಲಿನ ಜೇಡರ ಬಲೆ ತೆಗೆಯುವುದು, ಬ್ಯಾಟರಿಗೆ ನೀರು ಹಾಕುವುದು, ಸೈರನ್ನಿನ ಬಾಯಿಗೆ ಗೂಡು ಕಟ್ಟಿದ ಹಕ್ಕಿಗಳನ್ನು ಎಬ್ಬಿಸುವುದು. ಮಳೆ ಹಿಡಿಯಿತೆಂದರೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಬಂದರೆ ಊಟದ ತಟ್ಟೆಯ ಮುಂದಿನಿಂದ ಎದ್ದು ಹೋಗಬೇಕು. ಹಾಗೆ ಎದ್ದು ಹೋದದ್ದಕ್ಕೇ ಮದುವೆಯ ಮಾತುಕತೆಯೊಂದು ಮುರಿದುಬಿತ್ತು ಎಂದು ನಗುತ್ತಾರೆ. ಆ ಮಾತು ಮುಗಿಯುವ ಮೊದಲೇ ನಗೆ ನಿಂತು, ಕಣ್ಣು ಮತ್ತೆ ಹಸಿರು ಚುಕ್ಕಿಯ ಕಡೆ ಹೋಗಿರುತ್ತದೆ.

ಈ ಅಂಜಿಕೆ ಮೊದಲು ಇರಲಿಲ್ಲ. ಹೋದ ವರ್ಷದ ಮಳೆಗಾಲದಿಂದ ಬಂದದ್ದು.

ಆ ದಿನ ಎರಡೂ ನದಿಗಳು ಒಟ್ಟಿಗೆ ಏರಿದ್ದವು. ಕಾವೇರಿ ತುಂಬಿ ಹರಿಯುವಾಗ ಕಪಿಲೆಯ ನೀರು ಸಂಗಮದಲ್ಲಿ ಸಲೀಸಾಗಿ ಸೇರುವುದಿಲ್ಲ, ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ನಂಜನಗೂಡಿನ ತಗ್ಗಿನ ಬೀದಿಗೆ ನೀರು ನುಗ್ಗುವುದು ಅಂಥ ಹೊತ್ತಿನಲ್ಲೇ. ಪವಿತ್ರ ಅವತ್ತು ಸೋಸಲೆಯ ಮಾಪಕದ ಬಳಿ ಇದ್ದರು. ಮೊಬೈಲಿನ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿತು, ಸೈರನ್ ಕೂಗಬೇಕಾದ ಹೊತ್ತಿಗೆ ಕೂಗಲಿಲ್ಲ. ಓಡಿಬಂದು ಕೋಣೆಯ ಬಾಗಿಲು ತೆಗೆದರೆ, ಕಂಪ್ಯೂಟರು ಆಗ ತಾನೇ ನಿದ್ದೆಯಿಂದ ಎದ್ದ ಹಾಗೆ ಮೊದಲಿನಿಂದ ಶುರುವಾಗುತ್ತಿತ್ತು. ಅದು ಪೂರ್ತಿ ಎದ್ದು ಸೈರನ್ ಕೂಗಿಸುವಷ್ಟರಲ್ಲಿ ಬೀದಿಯೊಳಗೆ ನೀರು ಬಂದಾಗಿತ್ತು.

ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಬೀದಿಯ ಕೊನೆಯ ಮನೆಯ ಮಂಟೇಸ್ವಾಮಿಯ ಆಡಿನ ಕೊಟ್ಟಿಗೆ ನದಿಯ ಕಡೆಗೇ ಇತ್ತು. ಎದೆಮಟ್ಟದ ನೀರಿನಲ್ಲಿ ನಿಂತು ಅವರು ಹಗ್ಗ ಕುಯ್ದಷ್ಟು ಆಡುಗಳು ಉಳಿದವು. ಅರ್ಧಕ್ಕರ್ಧ ಮಂದೆ ಹೋಯಿತು. ಮಾರನೆಯ ದಿನ ಪವಿತ್ರ ಬೀದಿಗೆ ಹೋದಾಗ ಮಂಟೇಸ್ವಾಮಿ ಜಗಳವಾಡಲಿಲ್ಲ. "ಮಲಗಿದ್ಯಾ ಮಗಾ?" ಎಂದಷ್ಟೇ ಕೇಳಿ ಬಾಗಿಲು ಹಾಕಿಕೊಂಡರು.

"ಬೈದಿದ್ರೆ ತಡ್ಕತಿದ್ದೆ ಸಾ. ಆ ಮಾತ ತಡೆಯಕ್ಕಾಗ್ಲಿಲ್ಲ" ಎನ್ನುತ್ತಾರೆ ಪವಿತ್ರ.

ಕಂಪ್ಯೂಟರು ಕೊಟ್ಟಿದ್ದು ಮೈಸೂರಿನ ಒಂದು ಸಣ್ಣ ಕಂಪನಿ. ಅವರು ಕರೆಂಟು ಏರುಪೇರಾಗಿರಬೇಕು ಎಂದರು. ಯುಪಿಎಸ್ ಬದಲಾಯಿಸಿದ್ದಾಯಿತು. ಆಮೇಲೂ ಒಮ್ಮೆ, ಮಳೆಯ ಮಧ್ಯಾಹ್ನ, ಕಂಪ್ಯೂಟರು ತಾನಾಗಿ ನಿಂತು ತಾನಾಗಿ ಎದ್ದಿತು. ಯಾಕೆ ನಿಂತೆ ಎಂದರೆ ಹೇಳುವವರಿಲ್ಲ.

ಹೇಳಬೇಕಾದದ್ದು ಕರ್ನಲ್. ಕಂಪ್ಯೂಟರಿನ ಎಲ್ಲ ತಂತ್ರಾಂಶಗಳ ತಳದಲ್ಲಿ ಕೂತು ಯಂತ್ರವನ್ನು ನಡೆಸುವ ಭಾಗಕ್ಕೆ ಹಾಗೆನ್ನುತ್ತಾರೆ. ತನ್ನೊಳಗೇ ಏನೋ ಕೆಟ್ಟಿದೆ, ಇನ್ನು ಮುಂದುವರಿದರೆ ಅನಾಹುತ ಎಂದು ತಿಳಿದಾಗ ಕರ್ನಲ್ ತಾನೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನಿಲ್ಲಿಸುವ ಮೊದಲು, ಆ ಗಳಿಗೆಯಲ್ಲಿ ನೆನಪಿನಲ್ಲಿದ್ದುದನ್ನೆಲ್ಲ ಡಿಸ್ಕಿನ ಒಂದು ಫೈಲಿಗೆ ಸುರಿದು ಹೋಗುತ್ತದೆ. ಅದೇ ಕ್ರ್ಯಾಶ್ ಡಂಪ್. ಯಂತ್ರ ಮತ್ತೆ ಎದ್ದ ಮೇಲೆ ಆ ಫೈಲನ್ನು ತೆರೆದರೆ ಸಾವಿನ ಕಾರಣ ಸಿಗಬೇಕು. ಪವಿತ್ರ ಹುಡುಕಿ ನೋಡಿದರು. ಫೈಲು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಎರಡು ಸಲ ಸತ್ತ ಯಂತ್ರ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಯಾಕೆ ಎಂದು ತಿಳಿಯಲು ಅವರು ಬಹಳ ದಿನ ಒದ್ದಾಡಿದರು. ಅಂಗಡಿಯ ಹಳೆಯ ಗೆಳತಿಯರನ್ನು ಕೇಳಿದರು, ಮೊಬೈಲಿನಲ್ಲಿ ಪಾಠದ ವಿಡಿಯೊಗಳನ್ನು ನೋಡಿದರು, ಕಂಪನಿಗೆ ಮೇಲಿಂದ ಮೇಲೆ ಫೋನು ಮಾಡಿದರು. ಕೊನೆಗೆ ಅರ್ಥವಾದದ್ದನ್ನು ಅವರ ಮಾತಿನಲ್ಲೇ ಕೇಳಬೇಕು:

"ಫೈಲ್ ಎಲ್ಲದೆ ಅಂತ ದಾರಿ ಉಡುಕೋದೂ ಕರ್ನಲ್ ಕೆಲ್ಸವೇ ಸಾ. ಯಾವ ಡಿಸ್ಕು, ಅದ್ರೊಳಗೆ ಯಾವ ಫೋಲ್ಡ್ರು, ಅದ್ರೊಳಗೆ ಯಾವ ಫೈಲು ಅಂತ ಒಂದೊಂದೇ ಬಾಗ್ಲು ತಕ್ಕಂಡು ಓಗಬೇಕು. ತಾನೇ ಕೆಟ್ಟೋಗಿರೋ ಒತ್ನಲ್ಲಿ ಅದ ಮಾಡಕ್ಕೋದ್ರೆ ದಾರಿ ತಪ್ಪಿ ಇನ್ನೇನೋ ಅಳಿಸ್ಬುಡ್ತದೆ. ಅದ್ಕೇ ಯಂತ್ರ ಶುರು ಆಗ್ವಾಗ್ಲೇ, ಎಲ್ಲಾ ಸರ್ಯಾಗಿರ್ವಾಗ್ಲೇ, ಆ ದಾರಿ ಇಡ್ಕಂಡು ಓಗಿ, ಡಿಸ್ಕ್ನಲ್ಲಿ ಇಂತಾ ಜಾಗ ಅಂತ ಗುರ್ತು ಮಾಡಿ ಮಡಿಕಂಡಿರ್ತದೆ. ಸಾಯೋ ಒತ್ಗೆ ಉಡುಕೋ ಅಂಗಿಲ್ಲ, ನೇರ ಅಲ್ಲಿಗೇ ಸುರೀತದೆ."

ಇವರ ಯಂತ್ರದಲ್ಲಿ ಆ ದಾರಿಯೇ ತಪ್ಪಿತ್ತು. ಮೊದಲು ಅದರಲ್ಲಿ ಎರಡು ಡಿಸ್ಕುಗಳಿದ್ದವು. ಡಂಪ್ ಬರೆಯುವ ಫೈಲಿನ ದಾರಿ ಎರಡನೆಯ ಡಿಸ್ಕಿನ ಹೆಸರಿನಲ್ಲಿತ್ತು. ಆ ಡಿಸ್ಕು ಹಳತಾಯಿತೆಂದು ಕಂಪನಿಯವರು ತೆಗೆದಿದ್ದರು, ದಾರಿ ಮಾತ್ರ ಹಾಗೆಯೇ ಉಳಿದಿತ್ತು. ಪ್ರತಿಸಲ ಯಂತ್ರ ಶುರುವಾದಾಗ ಕರ್ನಲ್ ಆ ದಾರಿ ಹಿಡಿದು ಹೋಗುವುದು, ಡಿಸ್ಕೇ ಇಲ್ಲ ಎಂದು ತಿಳಿಯುವುದು, 'ಡಂಪ್ ಬರೆಯಲು ಜಾಗವಿಲ್ಲ' ಎಂದು ಪರದೆಯ ಮೇಲೆ ಒಂದು ಸಾಲು ಹೇಳಿ ಮುಂದಕ್ಕೆ ಹೋಗುವುದು. ಕರೆಂಟು ಉಳಿಸಲು ಪರದೆಯನ್ನು ಸದಾ ಆರಿಸಿಡುತ್ತಿದ್ದರು. ಆ ಸಾಲನ್ನು ಯಾರೂ ನೋಡಿರಲಿಲ್ಲ.

ದಾರಿಯನ್ನು ತಿದ್ದಿದ್ದಾಯಿತು. ಇರುವ ಡಿಸ್ಕಿನಲ್ಲೇ ಸಾಕಷ್ಟು ಜಾಗ ಬಿಡಿಸಿದ್ದೂ ಆಯಿತು. ಆದರೆ ಅದು ನಿಜವಾಗಿ ಕೆಲಸ ಮಾಡುತ್ತದೆಯೇ? ತಿಳಿಯುವುದಕ್ಕೆ ಇರುವುದು ಒಂದೇ ಉಪಾಯ. ಓಡುತ್ತಿರುವ ಯಂತ್ರವನ್ನು ಬೇಕೆಂದೇ ಕೊಲ್ಲಬೇಕು. ಅದಕ್ಕೆಂದೇ ಕೀಲಿಮಣೆಯಲ್ಲಿ ಒಂದು ಜೋಡಿ ಕೀಲಿಗಳಿವೆ. ಒತ್ತಿದರೆ ಕರ್ನಲ್ ಕುಸಿಯುತ್ತದೆ.

ಈ ವರ್ಷದ ಮಳೆ ಆಗಲೇ ಶುರುವಾಗಿತ್ತು. ಪವಿತ್ರ ಅನುಮತಿ ಕೇಳಿದಾಗ ಜಯತೀರ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ.

"ಅಲ್ಲಮ್ಮ ಪವಿತ್ರ, ಸರಿಯಾಗಿ ಓಡ್ತಾ ಇರೋದನ್ನ ನಾವೇ ಕೈಯಾರೆ ಕೆಡಿಸೋದಾ? ಅದೇ ಹೊತ್ತಿಗೆ ನೀರು ಬಂದ್ರೆ ಯಾರಿಗೆ ಏನು ಹೇಳೋಣ?"

"ಈಗ ನೋಡ್ದೆ ಬುಟ್ರೆ, ಅದು ತಾನಾಗೇ ಬಿದ್ದಾಗ ಮತ್ತೆ ಖಾಲಿ ಕೈ ಮೇಷ್ಟ್ರೇ. ಆಮೇಲೂ ಅಂಗೇ ಬೀಳ್ತದೆ. ಯಾಕೆ ಅಂತ ಗೊತ್ತಾಗೋದೇ ಇಲ್ಲ."

ಮೇಷ್ಟ್ರು ಎರಡು ದಿನ ಲೆಕ್ಕ ಹಾಕಿದರು. ಆಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು: ಯಂತ್ರ ನಿಂತಿರುವಷ್ಟು ಹೊತ್ತು ನದಿಯನ್ನು ಕಣ್ಣಿನಿಂದ ನೋಡುವವರು ಬೇಕು. ಸೋಸಲೆಯ ಕಡೆ ತಾವೇ ನಿಲ್ಲುವುದಾಗಿ ಹೇಳಿದರು. ನಂಜನಗೂಡಿನ ಕಡೆ ಯಾರು?

ಮಟ್ಟದ ಕಂಬಕ್ಕೆ ಹತ್ತಿರದ ಮನೆ ಮಂಟೇಸ್ವಾಮಿಯದು. ಆಡುಗಳು ಹೋದ ದಿನದಿಂದ ಅವರು ಪವಿತ್ರರೊಡನೆ ಮಾತಾಡಿರಲಿಲ್ಲ. ಎದುರಾದರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದರು. ಆದರೂ ಪವಿತ್ರ ಹೋದರು. ಮಂಟೇಸ್ವಾಮಿ ಜಗುಲಿಯಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ಪವಿತ್ರ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಡಿಸ್ಕು, ದಾರಿ, ಖಾಲಿ ಜಾಗ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೊನೆಗೆ ಮಂಟೇಸ್ವಾಮಿ ಕೇಳಿದ್ದು ಒಂದೇ.

"ಅಂದ್ರೆ ಅವತ್ತು ನೀನು ಮಲಗಿರ್ನಿಲ್ಲ?"

"ಇಲ್ಲ ಮಂಟಣ್ಣ. ಸೋಸಲೇಲಿದ್ದೆ. ಓಡಿ ಬಂದೆ. ಸಾಲ್ಲಿಲ್ಲ."

ಮಂಟೇಸ್ವಾಮಿ ಸೊಪ್ಪನ್ನು ಆಡುಗಳ ಮುಂದೆ ಹರಡಿದರು. ಆಮೇಲೆ ಒಳಗೆ ಹೋಗಿ ಫೋನು ತಂದು, "ನಂಬರ್ ಒಡೀ ಇದ್ಕೆ. ಒತ್ತಾರೆ ಎಷ್ಟೊತ್ಗೆ ನಿಂತ್ಕಬೇಕು?" ಎಂದರು.

ಪರೀಕ್ಷೆಯ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಪವಿತ್ರ ಪರದೆ ಹಚ್ಚಿ, ಎರಡೂ ಕಡೆಯವರಿಗೆ ಫೋನು ಮಾಡಿ ನೀರು ಗೆರೆಗಿಂತ ಬಹಳ ಕೆಳಗಿದೆ ಎಂದು ಖಚಿತ ಮಾಡಿಕೊಂಡು, ಕೀಲಿಗಳ ಮೇಲೆ ಬೆರಳಿಟ್ಟರು. ಒತ್ತಲು ಆಗಲಿಲ್ಲ. ಎದ್ದು ನೀರು ಕುಡಿದು ಬಂದರು. "ನಾನೇ ಸಾಕಿರೋದು ಸಾ ಅದ್ನ. ಧೂಳ್ ಒರೆಸಿದೀನಿ, ಫ್ಯಾನ್‌ಗೆ ಎಣ್ಣೆ ಬುಟ್ಟಿದೀನಿ. ಮತ್ತೆ ಏಳ್ದೇ ಓದ್ರೆ ಅಂತ ಎದ್ಬುಟ್ಟೆ."

ಒತ್ತಿದರು. ಪರದೆ ಅಲ್ಲಾಡದೆ ನಿಂತಿತು. ಒಂದು ಅಂಕಿ ಮೆಲ್ಲಗೆ ಏರತೊಡಗಿತು. ನೆನಪಿನಲ್ಲಿದ್ದುದು ಡಿಸ್ಕಿಗೆ ಇಳಿಯುತ್ತಿತ್ತು. ಅಂಕಿ ನೂರಕ್ಕೆ ಬಂದು ಯಂತ್ರ ಆರಿ, ಮತ್ತೆ ಎದ್ದಾಗ ಅವರು ಮೊದಲು ನೋಡಿದ್ದು ಆ ಜಾಗವನ್ನು. ಫೈಲು ಇತ್ತು. ಮೇಷ್ಟ್ರಿಗೆ ಫೋನು ಮಾಡಿ 'ಮೇಷ್ಟ್ರೇ, ಮೇಷ್ಟ್ರೇ' ಎಂದಷ್ಟೇ ಹೇಳಿದರಂತೆ. ಜಯತೀರ್ಥರು ಹೆದರಿ, "ಏನಾಯ್ತಮ್ಮ? ಎದ್ದಿತೋ ಇಲ್ವೋ? ಮೊದ್ಲು ಅದು ಹೇಳು!" ಎಂದು ಸೋಸಲೆಯ ದಡದಿಂದ ಕೂಗಿದ್ದು ಊರಿನ ಮಠದ ಬೀದಿಗೆಲ್ಲ ಕೇಳಿಸಿತಂತೆ.

ಆದರೆ ಇದರಿಂದ ಕಾಯಿಲೆ ಗೊತ್ತಾದಂತಾಗಲಿಲ್ಲ. ತಾವೇ ಕೊಂದ ಯಂತ್ರದ ಡಂಪಿನಲ್ಲಿ ತಾವೇ ಕೊಂದ ಸುದ್ದಿ ಇರುತ್ತದೆ, ಅಷ್ಟೆ. ನಿಜವಾದ ಕಾರಣ ಸಿಗಬೇಕಾದರೆ ಯಂತ್ರ ಮತ್ತೊಮ್ಮೆ ತಾನಾಗಿ ಸಾಯಬೇಕು. ಯಾವುದಕ್ಕೆ ಹೆದರುತ್ತಾರೋ ಅದಕ್ಕೇ ಕಾಯಬೇಕು. ಮಂಟೇಸ್ವಾಮಿ ಮತ್ತು ಮೇಷ್ಟ್ರು ದಿನಾ ಬೆಳಿಗ್ಗೆ ಸಂಜೆ ಕಂಬ ನೋಡಿ ಫೋನು ಮಾಡತೊಡಗಿದರು. ಪವಿತ್ರ ತೆಳ್ಳಗಾದರು. "ಅನ್ನ ಬಡಿಸಿದ್ರೆ ಫೋನ್ ನೋಡ್ತಾ ಕೂತಿರದು. ಸಾರ್ ಆಕಿಲ್ಲ ಅನ್ನೋದೂ ತಿಳೀತಿರ್ನಿಲ್ಲ" ಎಂದು ಅವರ ತಾಯಿ ನನಗೆ ಹೇಳುತ್ತಾರೆ.

ಆ ದಿನ ಬಂದಿತು. ಮೇಲಿನ ಎರಡೂ ಅಣೆಕಟ್ಟುಗಳಿಂದ ನೀರು ಬಿಟ್ಟಿದ್ದರು. ಪವಿತ್ರ ಬೆಳಿಗ್ಗೆಯಿಂದ ಕೋಣೆ ಬಿಟ್ಟು ಕದಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಪಿಲೆಯ ಅಂಕಿ ಗೆರೆಯ ಹತ್ತಿರಕ್ಕೆ ಬಂತು. ಇನ್ನೇನು ದಾಟಬೇಕು, ಸೈರನ್ ಕೂಗಬೇಕು. ಪರದೆ ಅಲ್ಲಾಡದೆ ನಿಂತುಬಿಟ್ಟಿತು. ಒಂದು ಅಂಕಿ ಮೆಲ್ಲಗೆ ಏರತೊಡಗಿತು.

ಮಂಟೇಸ್ವಾಮಿಗೆ ಫೋನು ಹೋಯಿತು. "ಮಂಟಣ್ಣ, ಬಿತ್ತು. ಕೂಗಲ್ಲ ಅದು. ನೀರು ಬತ್ತಾದೆ, ಎಲ್ರನ್ನೂ ಮೇಲಕ್ಕೆ ಕರಕೋ."

"ಫೋನ್ ಮಡಗ್ಬೇಡ" ಎಂದ ಮಂಟೇಸ್ವಾಮಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಓಡಿದರು. ಇತ್ತ ಪವಿತ್ರರ ಕಿವಿಗೆ ಬಾಗಿಲು ಬಡಿಯುವ ಸದ್ದು, ನಾಯಿ ಬೊಗಳುವುದು, "ಏಳ್ರೋ, ನೀರ್ ಬತ್ತಾದೆ, ಏಳ್ರಮ್ಮೋ" ಎನ್ನುವ ಕೂಗು ಕೇಳುತ್ತಿದೆ. ಎದುರಿಗೆ ಆ ಅಂಕಿ ಇನ್ನೂ ಅರ್ಧಕ್ಕೂ ಬಂದಿಲ್ಲ.

ತಮ್ಮ ಮೊಬೈಲಿನ ಚುಕ್ಕಿ ಬೂದಿಯಾದದ್ದನ್ನು ಕಂಡ ಜಯತೀರ್ಥರು ಕೋಣೆಯ ಇನ್ನೊಂದು ಫೋನಿನಲ್ಲಿ ಬಂದರು. "ಸ್ವಿಚ್ ಆಫ್ ಮಾಡಿ ಆನ್ ಮಾಡಮ್ಮ! ಡಂಪ್ ಹಾಳಾಗ್ಹೋಗ್ಲಿ, ಮೊದ್ಲು ಸೈರನ್ ಕೂಗ್ಲಿ!"

ಗುಂಡಿಯ ಮೇಲೆ ಬೆರಳಿತ್ತು. ಈಗ ಒತ್ತಿದರೆ ಯಂತ್ರ ಬೇಗ ಏಳುತ್ತದೆ, ಸೈರನ್ ಸ್ವಲ್ಪ ಮೊದಲೇ ಕೂಗುತ್ತದೆ. ಆದರೆ ಕಾರಣ ಮತ್ತೆ ಕೈತಪ್ಪುತ್ತದೆ. ಮುಂದಿನ ಸಲವೂ ಹೀಗೆಯೇ ಬೀಳುತ್ತದೆ, ಆಗ ಮಂಟೇಸ್ವಾಮಿ ಮನೆಯಲ್ಲಿ ಇರುತ್ತಾರೋ ಇಲ್ಲವೋ. ಒತ್ತದೆ ಬಿಟ್ಟರೆ, ಅಂಕಿ ನೂರಕ್ಕೆ ಏರುವವರೆಗೆ ಆ ಬೀದಿಯ ಜನರೆಲ್ಲ ಒಬ್ಬ ಮನುಷ್ಯನ ಕಾಲಿನ ಮೇಲೆ ನಿಂತಿದ್ದಾರೆ.

"ಮಂಟಣ್ಣ, ಎಲ್ರೂ ಎದ್ರಾ?" ಎಂದು ಪವಿತ್ರ ಫೋನಿಗೆ ಕಿರುಚಿದರು.

"ಎದ್ರು ಕಣವ್ವ. ದೊಡ್ಡಮ್ಮ ಒಂದು ಏಳಲ್ಲ ಅಂತದೆ. ಎತ್ಕತೀನಿ ಬುಡು."

ದೊಡ್ಡಮ್ಮ ಬೀದಿಯ ಅತಿ ಹಿರಿಯ ಜೀವ, ಒಂಟಿಯಾಗಿ ನದಿಯ ಕಡೆಯ ಮನೆಯಲ್ಲಿ ಇರುವವರು. ಸೈರನ್ ಕೂಗದೆ ತಾನು ಹೊರಡುವುದಿಲ್ಲ ಎಂದು ಹಟ ಹಿಡಿದಿದ್ದರು. ಮಂಟೇಸ್ವಾಮಿ ಅವರನ್ನು ಬೆನ್ನ ಮೇಲೆ ಹೊತ್ತು ಬೈಯಿಸಿಕೊಳ್ಳುತ್ತಲೇ ದಿಬ್ಬ ಹತ್ತಿದರು. ಆ ಬೈಗುಳವೆಲ್ಲ ಜೇಬಿನ ಫೋನಿನಿಂದ ತಿ. ನರಸೀಪುರದ ಕೋಣೆಯಲ್ಲಿ ಕೇಳಿಸುತ್ತಿತ್ತು. "ಆ ಬೈಗ್ಳ ಕೇಳ್ತಿದ್ದಂಗೆ ಬೆರಳು ತಕ್ಕಂಡೆ ಸಾ" ಎನ್ನುತ್ತಾರೆ ಪವಿತ್ರ. "ಉಸಿರಾಡ್ತಾವ್ರೆ ಅಂತ ಗೊತ್ತಾಯ್ತಲ್ಲ."

ಅಂಕಿ ನೂರಕ್ಕೆ ಬಂತು. ಯಂತ್ರ ಎದ್ದು ಸೈರನ್ ಕೂಗಿಸಿದಾಗ ಬೀದಿಯ ಮನೆಗಳ ಹೊಸಿಲು ಮುಳುಗಿತ್ತು. ಜನರು ಆಡು, ದನ, ಅಕ್ಕಿಯ ಚೀಲಗಳೊಂದಿಗೆ ಮೇಲಿನ ಛತ್ರದಲ್ಲಿದ್ದರು. ಸದ್ದು ಕೇಳಿದ ದೊಡ್ಡಮ್ಮ, "ಈಗ ಕೂಗು, ನಿನ್ ತಿಥಿಗೆ" ಎಂದರಂತೆ. ಆ ಮಾತು ಈಗ ಬೀದಿಯಲ್ಲಿ ಗಾದೆಯೇ ಆಗಿದೆ.

ಡಂಪನ್ನು ಓದುವುದು ಪವಿತ್ರರಿಗೆ ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಲು ಅವರಿಗೆ ಸಂಕೋಚವೂ ಇಲ್ಲ. ಮಾರನೆಯ ದಿನವೇ ಮೈಸೂರಿನ ಕಂಪನಿಗೆ ಫೈಲು ಕಳಿಸಿದರು. ಅಲ್ಲಿನ ಎಂಜಿನಿಯರ್ ಅಮೃತೇಶ್ ಅದನ್ನು ಬಿಡಿಸಿ ನೋಡಿದವರು. ಅವರನ್ನು ಫೋನಿನಲ್ಲಿ ಮಾತಾಡಿಸಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: "ಅವರ ಫೈಲ್ ಬರೋವರೆಗೂ ನಾವು ಕತ್ತಲಲ್ಲಿ ಕೈಯಾಡಿಸ್ತಾ ಇದ್ವಿ. ಕರೆಂಟು ಅಂತ ನಾವು ಹೇಳಿದ್ದು ಬರೀ ಊಹೆ."

ಸಾಯುವ ಗಳಿಗೆಯಲ್ಲಿ ಯಂತ್ರದೊಳಗೆ ಯಾವ ಯಾವ ಭಾಗಗಳು ಓಡುತ್ತಿದ್ದವು, ಪ್ರತಿಯೊಂದನ್ನೂ ಡಿಸ್ಕಿನ ಯಾವ ದಾರಿಯಿಂದ ಎತ್ತಿಕೊಂಡು ಬಂದದ್ದು ಎಂಬುದನ್ನೂ ಕರ್ನಲ್ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಡಂಪಿನಲ್ಲಿ ಆ ದಾರಿಗಳೂ ಇದ್ದವು. ಮಾಪಕಗಳ ರೇಡಿಯೊ ಸಂದೇಶವನ್ನು ಬರಮಾಡಿಕೊಳ್ಳುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶದ ದಾರಿ ಹಳೆಯ ಫೋಲ್ಡರಿನದಾಗಿತ್ತು. ಅದರಲ್ಲಿನ ದೋಷವನ್ನು ಸರಿಪಡಿಸಿ ಕಂಪನಿ ಹೊಸ ಡ್ರೈವರನ್ನು ಎಂದೋ ಹಾಕಿತ್ತು, ಬೇರೆ ಫೋಲ್ಡರಿನಲ್ಲಿ. ಯಂತ್ರ ಮಾತ್ರ ಶುರುವಾದಾಗಲೆಲ್ಲ ಹಳೆಯದನ್ನೇ ಎತ್ತಿಕೊಳ್ಳುತ್ತಿತ್ತು. "ಹೊಸದು ಓಡ್ತಾ ಇದೆ ಅಂತ ನಾವೂ ನಂಬಿದ್ವಿ, ಅವರೂ ನಂಬಿದ್ರು. ದಾರಿ ನೋಡಿದ ಮೇಲೇ ಗೊತ್ತಾಗಿದ್ದು" ಎಂದರು ಅಮೃತೇಶ್.

ಹಳೆಯ ಡ್ರೈವರಿಗೆ ಎರಡು ಸಂದೇಶಗಳು ಒಂದೇ ಗಳಿಗೆಯಲ್ಲಿ ಬಂದರೆ ಸಂಭಾಳಿಸಲು ಬರುತ್ತಿರಲಿಲ್ಲ. ಒಂದರ ಮೇಲೊಂದು ಬರೆದು ಕರ್ನಲ್ಲಿನ ನೆನಪನ್ನೇ ಕೆಡಿಸುತ್ತಿತ್ತು. ಸಾಮಾನ್ಯ ದಿನಗಳಲ್ಲಿ ಮಾಪಕಗಳು ಅಪರೂಪಕ್ಕೆ ಸಂದೇಶ ಕಳಿಸುವುದರಿಂದ ಇದು ಆಗುತ್ತಲೇ ಇರಲಿಲ್ಲ. ನೀರು ಏರಿದಷ್ಟೂ ಅವು ಬೇಗ ಬೇಗ ಕಳಿಸುತ್ತವೆ. ಎರಡೂ ನದಿಗಳು ಒಟ್ಟಿಗೆ ಏರಿದರೆ ಎರಡೂ ಸಂದೇಶ ಡಿಕ್ಕಿಯಾಗುವ ಸಂಭವ ಹೆಚ್ಚು. ಎಂದರೆ, ಯಂತ್ರ ಬೇಕೇ ಬೇಕಾದ ಹೊತ್ತಿನಲ್ಲೇ ಅದು ಸಾಯುವಂತಿತ್ತು. ಇದನ್ನು ಕೇಳಿದ ದಿನ ಪವಿತ್ರ ಕೋಣೆಯ ಹೊರಗಿನ ಮೆಟ್ಟಿಲಿನ ಮೇಲೆ ಬಹಳ ಹೊತ್ತು ಕೂತಿದ್ದರು ಎಂದು ಜಯತೀರ್ಥರು ನೆನೆಯುತ್ತಾರೆ.

ಈಗ ಹೊಸ ಡ್ರೈವರು ಓಡುತ್ತಿದೆ. ಹಳೆಯ ಫೋಲ್ಡರನ್ನೇ ಅಳಿಸಿದ್ದಾರೆ. ಆಮೇಲೆ ಎರಡೂ ನದಿಗಳು ಒಮ್ಮೆ ಗೆರೆ ದಾಟಿದವು. ಯಂತ್ರ ನಿಲ್ಲಲಿಲ್ಲ, ಸೈರನ್ ಹೊತ್ತಿಗೆ ಸರಿಯಾಗಿ ಕೂಗಿತು.

ಹಾಗಾದರೆ ಭಯ ಹೋಯಿತೇ? ಪವಿತ್ರ ತಲೆಯಾಡಿಸುತ್ತಾರೆ. ಅವತ್ತು ಗುಂಡಿ ಒತ್ತದೆ ಕೂತದ್ದು ಸರಿಯೋ ತಪ್ಪೋ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ. "ಮಂಟಣ್ಣ ಜಾರಿ ಬಿದ್ದಿದ್ರೆ? ದೊಡ್ಡಮ್ಮ ಸಿಕ್ದೇ ಇದ್ದಿದ್ರೆ? ಎಲ್ಲಾ ಸರಿ ಓಯ್ತು, ಅದ್ಕೇ ಸರಿ ಅನ್ನಿಸ್ತದೆ. ಇಲ್ದಿದ್ರೆ ನೀವು ಇವತ್ತು ಬೇರೆ ಸುದ್ದಿ ಬರೀತಿದ್ರಿ ಸಾ."

ಬಳಗದ ಸಭೆಯಲ್ಲಿ ಅವರಿಗೆ ಶಾಲು ಹೊದಿಸಬೇಕೆಂಬ ಮಾತು ಬಂದಾಗ ಬೇಡವೆಂದರಂತೆ. ಬದಲಿಗೆ ಕೇಳಿದ್ದು ಇನ್ನೊಂದು ಕಂಪ್ಯೂಟರು. ಒಂದು ಬಿದ್ದರೆ ಇನ್ನೊಂದು ಸೈರನ್ ಕೂಗಿಸಬೇಕು, ಬಿದ್ದದ್ದು ನಿಧಾನವಾಗಿ ತನ್ನ ಡಂಪು ಬರೆದುಕೊಳ್ಳಲಿ, ಯಾರೂ ಅವತ್ತಿನಂತೆ ಆಯ್ಕೆ ಮಾಡುವ ಹಾಗಾಗಬಾರದು ಎಂಬುದು ಅವರ ವಾದ. ಬಳಗ ಒಪ್ಪಿದೆ. ಕಂಪ್ಯೂಟರು ಇನ್ನೂ ಬಂದಿಲ್ಲ.

ಸಂಜೆಯ ಬಸ್ಸಿಗೆ ಅವರೊಡನೆ ನಿಲ್ದಾಣದಲ್ಲಿ ನಿಂತಿರುವಾಗ ಮಳೆ ಮತ್ತೆ ಶುರುವಾಗುತ್ತದೆ. ಎಲ್ಲರೂ ಸೂರಿನ ಒಳಕ್ಕೆ ಸರಿಯುತ್ತಾರೆ. ಪವಿತ್ರ ಮಾತ್ರ ಅಂಚಿಗೆ ಬಂದು, ಹನಿಯ ದಪ್ಪ ನೋಡುವವರ ಹಾಗೆ ಅಂಗೈ ಚಾಚುತ್ತಾರೆ. ನಿಮಗಾಗಿ ಏನಾದರೂ ಆಸೆ ಇಲ್ಲವೇ ಎಂದು ಕೇಳುತ್ತೇನೆ.

ಅಂಗೈಯ ನೀರನ್ನು ಸೆರಗಿಗೆ ಒರೆಸಿಕೊಂಡು ಹೇಳುತ್ತಾರೆ: "ಎರಡ್ನೇ ಕಂಪ್ಯೂಟ್ರು ಬಂದ್ಮೇಲೆ, ಒಂದಿನ, ಜೋರು ಮಳೆ ಉಯ್ಯೋ ಒಂದಿನ, ಅವ್ವನ ಪಕ್ಕ ಕೂತ್ಕಂಡು ಊಟ ಮಾಡ್ಬೇಕು ಸಾ. ಬಿಸಿ ಮುದ್ದೆ, ಬಸ್ಸಾರು. ಎದ್ದು ಓಗ್ದೆ, ಪೂರ್ತಿ."

ಬಸ್ಸು ಬರುತ್ತದೆ. ಪವಿತ್ರ ಕೊಡೆ ಮಡಚಿ ಹತ್ತುತ್ತಾರೆ.